ಮದ್ದಳೆ ಬಾರಿಸುವವರ ಮಾತಿಗೂ ಬೆಲೆ ಇಲ್ವಾ?

"ನಿಮ್ಮ ಅಭಿಪ್ರಾಯ ನಿಮಗೆ, ನಮ್ಮ ಅಭಿಪ್ರಾಯ ನಮಗೆ." ಈ ಮಾತು ಕೇಳಿದರೆ ಈಗ ಮೈಯೆಲ್ಲ ಉರಿಯುತ್ತದೆ.

ನಮ್ಮ ಸೋದರಮಾವ ಯಕ್ಷಗಾನದ ಮದ್ದಳೆಗಾರರು, ತೆಂಕುತಿಟ್ಟು ಅಂದರೆ ದಕ್ಷಿಣದ ಶೈಲಿಯವರು. ಮೀಸೆ ಚಿಗುರುವ ಪ್ರಾಯದಲ್ಲೇ ಮೇಳ ಸೇರಿದವರು. ತಿರುಗಾಟ ಶುರುವಾದರೆ ಅದು ಮುಗಿಯುವ ಪತ್ತನಾಜೆಯ ದಿನದವರೆಗೆ ರಾತ್ರಿ ನಿದ್ದೆ ಅಂತ ಇರಲಿಲ್ಲ. ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಯಾರೋ ಕರ್ಣಪರ್ವದ ತುಣುಕೊಂದು ಹಾಕಿದರು. ರಥದ ಗಾಲಿ ಹೂತಿದೆ, ಕರ್ಣನ ಕತೆ ಮುಗಿಯುತ್ತಾ ಬಂದಿದೆ. ಅಂಥ ಹೊತ್ತಲ್ಲಿ ವೇಷ, ಅಂದರೆ ಪಾತ್ರ ಮಾಡುವ ಹುಡುಗ, ಗಿರಗಿರ ಹಾರಿ ಸುತ್ತುತ್ತಾ ಧೀಂಗಿಣ ಹಾಕುತ್ತಿದ್ದಾನೆ. ಕೆಳಗಿಂದ ಬರೀ ಶಿಳ್ಳೆ. ಮಾವ ಎರಡೇ ಸಾಲು ಬರೆದರು: "ಹುಡುಗನ ಕಾಲು ಗಟ್ಟಿ ಇದೆ. ಆದರೆ ಈ ಪದ್ಯಕ್ಕೆ ಇಷ್ಟು ಕುಣಿತ ಹೇಳಿದ್ದಲ್ಲ."

ಅಷ್ಟಕ್ಕೇ ಮುಗಿಬಿದ್ದರು. ಹಳೇ ಕಾಲದವರಂತೆ, ಹೊಟ್ಟೆಕಿಚ್ಚಂತೆ. ಕೊನೆಗೆ ಬಂತು ನೋಡಿ, ಮಾವ, ನಿಮ್ಮ ಅಭಿಪ್ರಾಯ ನಿಮಗೆ!

ಅಲ್ಲ, ಅವರ ಕೆಲಸ ಏನು ಅಂತ ಗೊತ್ತುಂಟಾ ಇವರಿಗೆ? ಪದ್ಯ ಹಾಡುವ ಭಾಗವತರ ಪಕ್ಕ ಕೂತು ಇಡೀ ರಾತ್ರಿ ವೇಷದ ಹೆಜ್ಜೆ ನೋಡುತ್ತಾ ನುಡಿಸಬೇಕು. ಕಾಲು ಎಲ್ಲಿ ಊರುತ್ತದೋ ಅಲ್ಲಿಗೇ ಪೆಟ್ಟು ಬೀಳಬೇಕು. ವೇಷಕ್ಕೆ ದಮ್ಮು ಕಟ್ಟಿದ್ದು ಸಭೆಗೆ ತಿಳಿಯುವ ಮೊದಲೇ ಮದ್ದಳೆಯವರಿಗೆ ತಿಳಿಯುತ್ತದೆ. ನಾವು ಎದುರಿಂದ ಕಿರೀಟ, ಬಣ್ಣ ನೋಡುತ್ತಾ ಕೂತಿರುತ್ತೇವೆ. ಅವರು ಹಿಂದಿನಿಂದ ಆಟವನ್ನೇ ನೋಡಿದವರು. ಇಬ್ಬರ ಮಾತೂ ಒಂದೇ ತೂಕ ಅಂದರೆ ಹೇಗೆ?

ಧೀಂಗಿಣವೇ ತಪ್ಪು ಅಂತ ಮಾವ ಯಾವತ್ತೂ ಹೇಳಿದವರಲ್ಲ. ಅಭಿಮನ್ಯು, ಬಬ್ರುವಾಹನನಂಥ ಪುಂಡುವೇಷಕ್ಕೆ, ಅಂದರೆ ಹರೆಯದ ವೀರರ ಪಾತ್ರಕ್ಕೆ, ಅದೇ ಚೆಂದ. ಆ ಪ್ರಾಯದ ಬಿಸಿ, ಆ ಹಟ ಎಲ್ಲ ಅದರಲ್ಲೇ ಕಾಣುತ್ತದೆ. ಆದರೆ ಸಾಯಲು ಹೊರಟ ಕರ್ಣ ಯಾಕಪ್ಪಾ ಹಾಗೆ ಸುತ್ತಬೇಕು? ಇಷ್ಟು ಸರಳವಾದ ಪ್ರಶ್ನೆಗೆ ಒಬ್ಬನಾದರೂ ಉತ್ತರ ಕೊಟ್ಟನಾ? ಇಲ್ಲ. ಲೈಕ್ ಎಷ್ಟು ಬಂದಿದೆ ನೋಡಿ ಅಂದರು.

ಜನರ ಚಪ್ಪಾಳೆಗೆ ಬೆಲೆ ಇಲ್ಲ ಅಂತ ಅಲ್ಲ. ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಅವರ ಭಸ್ಮಾಸುರನನ್ನು ಜನ ಎತ್ತಿ ಹಿಡಿದಿದ್ದರು. ಅವರೂ ಕುಣಿಯುತ್ತಿದ್ದರು, ಜಾಸ್ತಿಯೇ ಕುಣಿಯುತ್ತಿದ್ದರು. ಆದರೆ ಆ ಕುಣಿತದೊಳಗೆ ಮೋಹಿನಿಗೆ ಮರುಳಾದ ಭಸ್ಮಾಸುರ ಇದ್ದ. ಈ ತುಣುಕಿನಲ್ಲಿ ಕರ್ಣ ಎಲ್ಲಿದ್ದಾನೆ?

ಇನ್ನು ಕೆಲವು ಪಂಡಿತರೂ ಇದ್ದಾರೆ. "ನಿಮಗೆಲ್ಲ ಇದು ಅರ್ಥ ಆಗುವುದಿಲ್ಲ" ಅಂತ ಎದ್ದು ಹೋಗುವವರು. ಅವರ ಮೇಲೂ ನನಗೆ ಅಷ್ಟೇ ಸಿಟ್ಟು. ಗೊತ್ತಿದ್ದವರು ಬಿಡಿಸಿ ಹೇಳಬೇಕು. ಮಾವ ಬಿಡಿಸಿಯೇ ಹೇಳಿದ್ದರು, ಅದೂ ಹುಡುಗನ ಕಾಲನ್ನು ಹೊಗಳಿ!

ನಿಮಗೆ ಆ ತುಣುಕು ಇಷ್ಟವಾಯಿತಾ, ಇನ್ನೂ ಹತ್ತು ಸಲ ನೋಡಿ. ಬೇಡ ಅಂದವರು ಯಾರು? ಆದರೆ ಪದ್ಯ ಯಾವ ತಾಳದಲ್ಲಿದೆ ಅಂತ ಗೊತ್ತಿಲ್ಲದೆ, ಒಂದು ಆಟವನ್ನೂ ಕೊನೆಯ ಮಂಗಳದವರೆಗೆ ಕೂತು ನೋಡದೆ, ಮಾವನ ಬಾಯಿ ಮುಚ್ಚಿಸಲು ಬರಬೇಡಿ. ಜಗಳವೇ ಬೇಕಿದ್ದರೆ ಕರ್ಣನ ಮೇಲೆ ಆಡಿ. ಆ ಪದ್ಯಕ್ಕೆ ಅಷ್ಟು ಸುತ್ತು ಯಾಕೆ ಬೇಕು ಅಂತ ಒಂದು ಕಾರಣ ಕೊಡಿ. ಒಪ್ಪುವಂತಿದ್ದರೆ ಮಾವ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ.