ಸಂಕಲನದ ಪ್ರಶಸ್ತಿ ಯಾರಿಗೆ ಬಂತು, ನೋಡಿದ್ರಾ?

ಟಿವಿಯಲ್ಲಿ ಪ್ರಶಸ್ತಿ ಕಾರ್ಯಕ್ರಮ ನೋಡಿ ಬೈಯುವುದನ್ನು ನಾನು ತಪ್ಪು ಅನ್ನುವುದಿಲ್ಲ. ಅರ್ಧ ಮಜಾ ಇರುವುದೇ ಅಲ್ಲಿ. ಆದರೆ ಎಲ್ಲರೂ ಪ್ರತಿ ಸಲ ಒಂದೇ ವಿಷಯಕ್ಕೆ ಬೈಯುತ್ತಾರಲ್ಲ, ನನ್ನ ತಕರಾರು ಅದು.

ಮೊನ್ನೆ ಭಾನುವಾರ ಬಂದ ಕಾರ್ಯಕ್ರಮದ ಹೆಸರು ಹೇಳುವುದಿಲ್ಲ, ನೋಡಿದವರಿಗೆ ಗೊತ್ತಾಗುತ್ತೆ. ಯಾವಾಗಲೋ ನಡೆದಿದ್ದನ್ನು ಕತ್ತರಿಸಿ, ಜೋಡಿಸಿ, ಈಗ ತೋರಿಸಿದರು. ಕೋಲಾರದ ನಮ್ಮ ಗೆಳೆಯರ ವಾಟ್ಸಾಪ್ ಗ್ರೂಪು ಮೊದಲ ಬ್ರೇಕಿನಲ್ಲೇ ಹೊತ್ತಿಕೊಂಡಿತ್ತು. "ಎಲ್ಲಾ ಫಿಕ್ಸಿಂಗು." "ನಮ್ಮ ಬಾಸ್‌ಗೆ ಯಾಕಿಲ್ಲ?" "ಬಂದು ಡ್ಯಾನ್ಸ್ ಮಾಡಿದವರಿಗೆ ಅವಾರ್ಡು, ಬರದೇ ಇದ್ದವರಿಗೆ ಚಿಪ್ಪು." ಒಬ್ಬರಿಗೆ ನಟಿಯ ಸೀರೆ ಹಿಡಿಸಲಿಲ್ಲ. ಇನ್ನೊಬ್ಬರಿಗೆ ನಿರೂಪಕರ ಜೋಕು ಹಿಡಿಸಲಿಲ್ಲ. ಅದು ನನಗೂ ಹಿಡಿಸಲಿಲ್ಲ ಬಿಡಿ.

ಇಷ್ಟೆಲ್ಲಾ ಮೆಸೇಜುಗಳಲ್ಲಿ ಒಂದು ವಿಷಯ ಯಾರೂ ಎತ್ತಲಿಲ್ಲ. ಸಂಕಲನ (ಅಂದರೆ ಎಡಿಟಿಂಗ್), ಛಾಯಾಗ್ರಹಣ, ಕಲಾ ನಿರ್ದೇಶನ, ಶಬ್ದ, ಸಾಹಸ, ವಸ್ತ್ರವಿನ್ಯಾಸ ಇಷ್ಟೂ ಪ್ರಶಸ್ತಿಗಳು ಜಾಹೀರಾತಿಗೆ ಹೋಗುವ ಮುಂಚೆ ಒಂದೇ ಉಸಿರಿನಲ್ಲಿ ಮುಗಿದುಹೋದವು. ಫೋಟೊ ಬಂತು, ಹೆಸರು ಬಂತು, ಓದುವಷ್ಟರಲ್ಲಿ ಹೋಯ್ತು. ಆಮೇಲೆ ಹೀರೊ ಒಬ್ಬರು ಬೈಕಿನಲ್ಲಿ ಬಂದರು. ಹೊಗೆ, ಬೆಂಕಿ, ಶಿಳ್ಳೆ. ಆ ಎಂಟ್ರಿಗೆ ಕೊಟ್ಟ ಟೈಮಿನಲ್ಲಿ ಎಲ್ಲಾ ತಂತ್ರಜ್ಞರೂ ಸ್ಟೇಜಿಗೆ ಬಂದು, ಅವರವರ ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಇಳಿದು ಹೋಗಬಹುದಿತ್ತು.

ನನಗೆ ಹೊಟ್ಟೆ ಉರಿಯುವುದಕ್ಕೆ ಕಾರಣ ಇದೆ. ಡೂಂಲೈಟ್ ಸರ್ಕಲ್ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡಿ ಬದುಕುವವನು ನಾನು. ಸಿನಿಮಾ ಎಡಿಟರ್‌ಗಳ ಮುಂದೆ ನಾವು ಲೆಕ್ಕಕ್ಕಿಲ್ಲ, ಗೊತ್ತು. ಆದರೂ ಒಂದು ಶಾಟನ್ನು ನಾಲ್ಕು ಫ್ರೇಮ್ ಮುಂಚೆ ಕತ್ತರಿಸಿದರೆ ನಗು ಬರುತ್ತೆ, ನಾಲ್ಕು ಫ್ರೇಮ್ ತಡ ಮಾಡಿದರೆ ಅದೇ ಶಾಟು ಸಪ್ಪೆ ಆಗುತ್ತೆ ಅನ್ನುವುದು ನನ್ನ ಕೈಗೆ ಗೊತ್ತು. ಇನ್ನೊಂದೂ ಗೊತ್ತು. ಮದುವೆ ವಿಡಿಯೊದಲ್ಲಿ ಯಾರನ್ನಾದರೂ ಬಿಟ್ಟರೆ ನೋಡುವವರು ಸುಮ್ಮನಿರುವುದಿಲ್ಲ. ವಾಲಗದವರು ಎಲ್ಲಿ, ಊಟ ಬಡಿಸಿದ ಹುಡುಗರು ಎಲ್ಲಿ, ಚಪ್ಪರ ಹಾಕಿದ ಚಿಕ್ಕಪ್ಪ ಎಲ್ಲಿ ಅಂತ ಸ್ಟುಡಿಯೊಗೇ ಬಂದು ಕೇಳುತ್ತಾರೆ. ಗಂಡು ಹೆಣ್ಣನ್ನು ಮಾತ್ರ ತೋರಿಸಿ ಕೊಟ್ಟರೆ ನಮ್ಮ ಕಡೆ ಯಾರೂ ದುಡ್ಡು ಕೊಡುವುದಿಲ್ಲ. ಅದೇ ಜನ ಟಿವಿ ಮುಂದೆ ಕೂತಾಗ ಯಾಕೆ ಕೇಳುವುದಿಲ್ಲವೋ.

ಕೋಲಾರದವರಂತೂ ಮೊದಲು ಕೇಳಬೇಕು. ಕೆಜಿಎಫ್ ಸಿನಿಮಾ ಬಂದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಹುಚ್ಚಿತ್ತು ಅಂತ ನಿಮಗೆ ಗೊತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಊರಿನ ಹೆಸರನ್ನು ಹೊರಗಿನವರು ಮರೆತೇಬಿಟ್ಟಿದ್ದರು. ಸಿನಿಮಾದಿಂದ ದೇಶಕ್ಕೆಲ್ಲಾ ಮತ್ತೆ ಗೊತ್ತಾಯಿತು. ಅಲ್ಲಿನ ಸೈನೈಡ್ ಗುಡ್ಡದಲ್ಲಿ ಶೂಟಿಂಗ್ ನಡೆಯುವಾಗ ನೋಡಲು ಹೋದವರು ಈಗಲೂ ಆ ಕಥೆ ಹೇಳುತ್ತಾರೆ. ಸರಿ, ಮೊದಲ ಭಾಗಕ್ಕೆ ರಾಷ್ಟ್ರಪ್ರಶಸ್ತಿ ಬಂದಿದ್ದು ಯಾತಕ್ಕೆ? ಸಾಹಸ ನಿರ್ದೇಶನಕ್ಕೆ ಮತ್ತು ವಿಎಫ್‌ಎಕ್ಸ್‌ಗೆ, ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್‌ಗೆ. ಎರಡನೇ ಭಾಗಕ್ಕೆ 2024ರಲ್ಲಿ ಘೋಷಣೆಯಾದ ಪಟ್ಟಿಯಲ್ಲಿ ಕನ್ನಡದ ಅತ್ಯುತ್ತಮ ಚಿತ್ರ ಪ್ರಶಸ್ತಿಯ ಜೊತೆ ಮತ್ತೆ ಸಾಹಸ ನಿರ್ದೇಶನ ಪ್ರಶಸ್ತಿ ಬಂತು. ಅದು ಅನ್ಬರಿವ್ ಜೋಡಿಗೆ. ಅಂದರೆ ನಮ್ಮ ಊರಿನ ಹೆಸರಿಗೆ ದೆಹಲಿಯಲ್ಲಿ ಮರ್ಯಾದೆ ತಂದವರಲ್ಲಿ ಹೆಚ್ಚಿನವರು ಫೈಟ್ ಮಾಸ್ಟರ್‌ಗಳು ಮತ್ತು ಕಂಪ್ಯೂಟರ್ ಮುಂದೆ ಕೂತ ಹುಡುಗರು. ಯಶ್ ಫ್ಲೆಕ್ಸ್ ಎಷ್ಟು ನೋಡಿಲ್ಲ ನಾವು. ಇವರದ್ದು ಒಂದಾದರೂ?

ಮುಳಬಾಗಿಲಿನ ಕಡೆಯವರಿಗೆ ಸೌಂದರ್ಯ ಅಂದರೆ ಇವತ್ತಿಗೂ ಮನೆಮಗಳು. ಚಿರಂಜೀವಿ ಜೊತೆ, ವೆಂಕಟೇಶ್ ಜೊತೆ ಮಾಡಿದ ತೆಲುಗು ಸಿನಿಮಾಗಳನ್ನು ನಮ್ಮ ದೊಡ್ಡಮ್ಮ ಸಾಲಾಗಿ ಹೇಳುತ್ತಾರೆ. ಆದರೆ ಆಕೆ ನಿರ್ಮಾಪಕಿಯೂ ಹೌದು ಅಂದರೆ, "ಹೌದಾ?" ಅನ್ನುತ್ತಾರೆ. ಗಿರೀಶ್ ಕಾಸರವಳ್ಳಿ ನಿರ್ದೇಶನದ 'ದ್ವೀಪ' ಸೌಂದರ್ಯ ನಿರ್ಮಿಸಿದ ಸಿನಿಮಾ. 2001ನೇ ಸಾಲಿನ ಸ್ವರ್ಣಕಮಲ ಅದಕ್ಕೆ ಬಂತು. ಇಡೀ ದೇಶದ ಅತ್ಯುತ್ತಮ ಚಿತ್ರ, ಸುಮ್ನೆ ಅಲ್ಲ. ಆ ಸಿನಿಮಾದ ಮಳೆಯನ್ನು ಸೆರೆಹಿಡಿದ ಎಚ್.ಎಂ. ರಾಮಚಂದ್ರ ಅವರಿಗೂ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಇದು ನಮ್ಮ ಜಿಲ್ಲೆಯ ಮಕ್ಕಳಿಗೆ ಗೊತ್ತಿರಬೇಕಾದ ವಿಷಯ ಅಲ್ವಾ?

ಈಗ ಆಸ್ಕರ್ ಕಡೆ ಬರೋಣ. "ಅದು ನಮಗ್ಯಾಕೆ" ಅನ್ನುವವರು ಮುಂದಿನ ಪ್ಯಾರಾ ಬಿಟ್ಟು ಹೋಗಬೇಡಿ, ನಿಮಗೇ ಬರೆಯುತ್ತಿರುವುದು.

2023ರ ಮಾರ್ಚ್ 13, ಸೋಮವಾರ. ನಮ್ಮಲ್ಲಿ ಬೆಳಗ್ಗೆ ಐದೂವರೆಗೆ ಕಾರ್ಯಕ್ರಮ ಶುರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಹಾಗಾಗಿ 'ಆರ್‌ಆರ್‌ಆರ್' ಸಿನಿಮಾದ ನಾಟು ನಾಟು ಹಾಡಿಗೆ ಪ್ರಶಸ್ತಿ ಬಂದಾಗ ಕೋಲಾರದಲ್ಲಿ ಆದ ಗಲಾಟೆ ಮೈಸೂರಿನಲ್ಲಿ ಆಗಿರಲಾರದು. "ಮನ ಪಾಟಕಿ ವಚ್ಚಿಂದಿ" (ನಮ್ಮ ಹಾಡಿಗೆ ಬಂತು) ಅಂತ ದೊಡ್ಡಮ್ಮ ಫೋನಿನಲ್ಲಿ ಕೂಗಿದ್ದು ನನಗೆ ಇನ್ನೂ ನೆನಪಿದೆ. ನಿರೂಪಕ ಜಿಮ್ಮಿ ಕಿಮ್ಮೆಲ್ ಆ ಸಿನಿಮಾವನ್ನು ಬಾಲಿವುಡ್ ಸಿನಿಮಾ ಅಂದುಬಿಟ್ಟರು. ಅದಕ್ಕೆ ಇಲ್ಲಿ ತೆಲುಗಿನವರು, ಕನ್ನಡದವರು ಸೇರಿಕೊಂಡು ಬೈದರು. ಸ್ಟೇಜಿನಲ್ಲಿ ಕುಣಿದವರಲ್ಲಿ ನಮ್ಮವರು ಯಾಕಿಲ್ಲ ಅಂತಲೂ ಜಗಳ ಆಯಿತು. ಸಂಗೀತ ಕೊಟ್ಟ ಎಂ.ಎಂ. ಕೀರವಾಣಿ ಹಾಡುತ್ತಾ ಮಾತಾಡಿದರು. ಹಾಡು ಬರೆದ ಚಂದ್ರಬೋಸ್ "ನಮಸ್ತೆ" ಅಂದರು. ಎಲ್ಲಾ ಚೆನ್ನಾಗಿತ್ತು.

ಅದೇ ಬೆಳಗ್ಗೆ ಇನ್ನೊಂದು ಪ್ರಶಸ್ತಿಯೂ ನಮ್ಮ ದೇಶಕ್ಕೆ ಬಂತು. 'ದಿ ಎಲಿಫೆಂಟ್ ವಿಸ್ಪರರ್ಸ್' ಅನ್ನುವ ಕಿರು ಸಾಕ್ಷ್ಯಚಿತ್ರಕ್ಕೆ. ನಮ್ಮ ಬಂಡೀಪುರದ ಪಕ್ಕದ ಮುದುಮಲೈ ಕಾಡಿನಲ್ಲಿ ಆನೆಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ಕಥೆ. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತಾಡಿದರು. ನಿರ್ಮಾಪಕಿ ಗುನೀತ್ ಮೊಂಗಾ ಬಾಯಿ ತೆರೆಯುವಷ್ಟರಲ್ಲಿ ವಾದ್ಯ ಶುರುವಾಯಿತು. ಅಲ್ಲಿ ಭಾಷಣಕ್ಕೆ ಕೊಡುವುದು 45 ಸೆಕೆಂಡು. ಮುಗಿದರೆ ಸಂಗೀತ ಹಾಕಿ ಇಳಿಸುತ್ತಾರೆ. ದೊಡ್ಡ ನಟರಿಗೆ ಮಾತ್ರ ಈ ನಿಯಮ ಸಡಿಲ. 2025ರಲ್ಲಿ ಏಡ್ರಿಯನ್ ಬ್ರೋಡಿ ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಿ, ಬಂದ ಸಂಗೀತವನ್ನೇ ನಿಲ್ಲಿಸಿ ಅಂದರು. ನಿಲ್ಲಿಸಿದರು!

ಗುನೀತ್ ಅವರನ್ನು ಟಿವಿಯಲ್ಲಿ ಅಷ್ಟಾದರೂ ನೋಡಿದೆವು. ಇದೇ ಸಿನಿಮಾ ಒಂದು ವರ್ಷ ಮುಂಚೆ ಗೆದ್ದಿದ್ದರೆ ಅದೂ ಇರುತ್ತಿರಲಿಲ್ಲ. 2022ರಲ್ಲಿ ಆಸ್ಕರ್‌ನವರು ಎಂಟು ವಿಭಾಗಗಳನ್ನು ನೇರ ಪ್ರಸಾರದಿಂದ ತೆಗೆದರು. ಸಂಕಲನ, ಶಬ್ದ, ಹಿನ್ನೆಲೆ ಸಂಗೀತ, ಮೇಕಪ್, ಪ್ರೊಡಕ್ಷನ್ ಡಿಸೈನ್, ಮೂರು ಬಗೆಯ ಕಿರುಚಿತ್ರಗಳು. ಕಿರು ಸಾಕ್ಷ್ಯಚಿತ್ರವೂ ಅದರಲ್ಲಿತ್ತು. ನೇರ ಪ್ರಸಾರ ಶುರುವಾಗುವ ಮುಂಚೆಯೇ ಇವರನ್ನೆಲ್ಲ ಕರೆದು ಕೊಟ್ಟು, ಆಮೇಲೆ ತುಣುಕು ತುಣುಕಾಗಿ ನಡುನಡುವೆ ತೋರಿಸಿದರು. ಕಾರ್ಯಕ್ರಮ ಬೇಗ ಮುಗಿಯಲಿ, ನೋಡುವವರು ಹೆಚ್ಚಾಗಲಿ ಅಂತ ಹೀಗೆ ಮಾಡಿದ್ದಂತೆ. ಬೇಗ ಮುಗಿಯಿತಾ? ಮೂರೂವರೆ ಗಂಟೆ ದಾಟಿತು. ಆ ರಾತ್ರಿಯ ಬಗ್ಗೆ ಯಾರನ್ನಾದರೂ ಕೇಳಿ, ವಿಲ್ ಸ್ಮಿತ್ ಕಪಾಳಕ್ಕೆ ಬಾರಿಸಿದ್ದೊಂದೇ ಹೇಳುತ್ತಾರೆ. ಏಟು ತಿಂದ ಕ್ರಿಸ್ ರಾಕ್ ಆಗ ಪ್ರಶಸ್ತಿ ಕೊಡೋಕೆ ಬಂದಿದ್ದರು. ಯಾವ ಪ್ರಶಸ್ತಿ? ಸಾಕ್ಷ್ಯಚಿತ್ರದ್ದು. ಗೆದ್ದವರು ಸ್ಟೇಜಿಗೆ ಬಂದಾಗ ಸಭೆಯಲ್ಲಿ ಅವರ ಮಾತು ಯಾರ ಕಿವಿಗೆ ಬಿದ್ದಿರಬಹುದು ಹೇಳಿ.

ಆ ಸಲ ಮಾತ್ರ ನೋಡುಗರು, ಸಿನಿಮಾದವರು ಸೇರಿ ಸರಿಯಾದ ಜಾಗಕ್ಕೆ ಬೈದರು. ಎಂಟೂ ವಿಭಾಗ 2023ರಲ್ಲಿ ನೇರ ಪ್ರಸಾರಕ್ಕೆ ವಾಪಸ್ ಬಂತು. ಅಮೆರಿಕದಲ್ಲಿ ನೋಡಿದವರ ಸಂಖ್ಯೆ 2022ರಲ್ಲಿ ಸುಮಾರು 1 ಕೋಟಿ 66 ಲಕ್ಷ ಇದ್ದಿದ್ದು 2023ರಲ್ಲಿ ಸುಮಾರು 1 ಕೋಟಿ 87 ಲಕ್ಷ ಆಯಿತು. ತಂತ್ರಜ್ಞರನ್ನು ತೋರಿಸಿದ್ದಕ್ಕೇ ಜನ ಹೆಚ್ಚಾದರು ಅಂತ ನಾನು ಹೇಳುತ್ತಿಲ್ಲ. ಅವರನ್ನು ತೋರಿಸಿದರೆ ಜನ ಓಡಿಹೋಗುತ್ತಾರೆ ಅನ್ನುವುದು ಸುಳ್ಳು ಅಂತಷ್ಟೇ.

ನಮ್ಮ ದೇಶಕ್ಕೆ ಬಂದ ಆಸ್ಕರ್‌ಗಳನ್ನೇ ನೋಡಿ. ಮೊದಲನೆಯದು 1983ರಲ್ಲಿ ಭಾನು ಅಥೈಯಾ ಅವರಿಗೆ, 'ಗಾಂಧಿ' ಸಿನಿಮಾದ ಬಟ್ಟೆಗಳಿಗೆ. 1992ರಲ್ಲಿ ಸತ್ಯಜಿತ್ ರಾಯ್ ಅವರಿಗೆ ಗೌರವ ಪ್ರಶಸ್ತಿ, ಆಸ್ಪತ್ರೆಯ ಹಾಸಿಗೆಯಲ್ಲೇ ಸ್ವೀಕರಿಸಿದರು. 2009ರಲ್ಲಿ ಎ.ಆರ್. ರೆಹಮಾನ್, ಗುಲ್ಜಾರ್ ಮತ್ತು ಶಬ್ದಕ್ಕೆ ರಸೂಲ್ ಪೂಕುಟ್ಟಿ. ಆಮೇಲೆ 2023ರವರು. ಇದರಲ್ಲಿ ನಟನೆಗೆ ಬಂದಿದ್ದು ಒಂದೂ ಇಲ್ಲ. ಎಲ್ಲಾ ಪರದೆಯ ಹಿಂದಿನವರಿಗೇ. ನಮ್ಮ ಚಾನೆಲ್‌ಗಳ ಲೆಕ್ಕದಲ್ಲಿ ಇವರಲ್ಲಿ ಅರ್ಧ ಜನ ಜಾಹೀರಾತಿಗೆ ಹೋಗುವ ಮುಂಚಿನ ಪಟ್ಟಿಯಲ್ಲಿ ಹೋಗಿಬಿಡುತ್ತಿದ್ದರು.

ಸರ್ಕಾರದ ಪ್ರಶಸ್ತಿಗಳ ಕಥೆ ಬೇರೆ ಅಂದುಕೊಳ್ಳಬೇಡಿ. 2018ರಲ್ಲಿ ರಾಷ್ಟ್ರಪ್ರಶಸ್ತಿಯನ್ನು ರಾಷ್ಟ್ರಪತಿಗಳು 11 ಜನರಿಗೆ ಮಾತ್ರ ಕೊಡುತ್ತಾರೆ, ಉಳಿದವರಿಗೆ ಮಂತ್ರಿಗಳು ಕೊಡುತ್ತಾರೆ ಅಂತ ಕೊನೇ ಗಳಿಗೆಯಲ್ಲಿ ಹೇಳಿದಾಗ ಐವತ್ತಕ್ಕೂ ಹೆಚ್ಚು ವಿಜೇತರು ಕಾರ್ಯಕ್ರಮಕ್ಕೇ ಹೋಗಲಿಲ್ಲ. ಅವರ ಸಿಟ್ಟು ನ್ಯಾಯವಾಗಿತ್ತು. ನಮ್ಮ ರಾಜ್ಯದ 2019ರ ಪ್ರಶಸ್ತಿ ಘೋಷಣೆ ಆಗಿದ್ದು 2025ರ ಜನವರಿಯಲ್ಲಿ. ನಟ ಸುದೀಪ್ ತಮಗೆ ಬಂದ ಪ್ರಶಸ್ತಿ ಬೇಡ ಅಂದರು, ಅದು ಅವರ ಇಷ್ಟ. ಜನ ಅದನ್ನೇ ಚರ್ಚೆ ಮಾಡಿದರು. ಅಷ್ಟು ವರ್ಷ ಕಾದ ಉಳಿದವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಬಂಗಾರಪೇಟೆಯಲ್ಲಿ ಕೇಬಲ್ ನಡೆಸುವ ನಮ್ಮ ಭಾವನ ಹತ್ತಿರ ಇದನ್ನೆಲ್ಲಾ ಹೇಳಿದೆ. ಅವರಿಗೆ ಟಿಆರ್‌ಪಿ ವಿಷಯ ನನಗಿಂತ ಚೆನ್ನಾಗಿ ಗೊತ್ತು.

"ಜನ ಹೀರೊ ನೋಡೋಕೆ ಕೂತಿರ್ತಾರೆ ಕಣಯ್ಯಾ. ಎಡಿಟರ್ ಬಂದು ನಮಸ್ಕಾರ ಅಂದ್ರೆ ರಿಮೋಟ್ ತಗೋತಾರೆ."

"ಅವರು ಏನು ಮಾಡಿದ್ದಾರೆ ಅಂತ ತೋರಿಸಿದರೆ ತಗೊಳ್ಳಲ್ಲ ಭಾವ. ನಿಮ್ಮ ಮಗನೇ ಯೂಟ್ಯೂಬ್‌ನಲ್ಲಿ ಏನು ನೋಡ್ತಾನೆ ಕೇಳಿ."

ಭಾವನ ಮಗ ನೋಡುವುದು ಗ್ರಾಫಿಕ್ಸ್‌ಗೆ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಅನ್ನುವ ವಿಡಿಯೊಗಳನ್ನು. ಹಸಿರು ಬಟ್ಟೆ ಹೋಗಿ ಅಲ್ಲಿ ಕೋಟೆ ಬಂದರೆ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕೆಜಿಎಫ್ ಎರಡನೇ ಭಾಗದ ಎಡಿಟರ್ ಉಜ್ವಲ್ ಕುಲಕರ್ಣಿ ಆಗ ಇಪ್ಪತ್ತರ ಆಸುಪಾಸಿನ ಹುಡುಗ. ಅಭಿಮಾನಕ್ಕೆ ಅಂತ ಮಾಡಿದ ಎಡಿಟ್‌ಗಳಿಂದಲೇ ಆ ಕೆಲಸ ಸಿಕ್ಕಿದ್ದು. ನನ್ನ ಸ್ಟುಡಿಯೊದಲ್ಲಿ ಕೆಲಸ ಕಲಿಯುವ ಹುಡುಗರಿಗೆ ಯಾವ ಹೀರೊಗಿಂತಲೂ ಅವನ ಕಥೆ ಇಷ್ಟ. ಅಂಥವನೊಬ್ಬ ಸ್ಟೇಜಿನಲ್ಲಿ ನಿಂತು ಒಂದು ನಿಮಿಷ ಮಾತಾಡಿದರೆ ಇವರು ರಿಮೋಟ್ ಮುಟ್ಟುತ್ತಾರಾ?

ಭಾವನಿಗೆ ಇನ್ನೊಂದು ತುಣುಕು ಕಳಿಸಿದೆ. 2025ರ ಆಸ್ಕರ್‌ನಲ್ಲಿ ಶಾನ್ ಬೇಕರ್ 'ಅನೋರಾ' ಸಿನಿಮಾಗೆ ಒಂದೇ ರಾತ್ರಿ ನಾಲ್ಕು ಪ್ರಶಸ್ತಿ ತಗೊಂಡರು. ಅದರಲ್ಲಿ ಸಂಕಲನವೂ ಒಂದು. ಅದನ್ನು ಹಿಡಿದುಕೊಂಡು ಅವರು ಹೇಳಿದ್ದೇನು ಗೊತ್ತಾ? ಈ ಸಿನಿಮಾವನ್ನು ಎಡಿಟಿಂಗ್‌ನಲ್ಲಿ ಉಳಿಸಿದ್ದೇ ನಾನು, ಆ ನಿರ್ದೇಶಕನಿಗೆ ಇನ್ನು ಯಾರೂ ಕೆಲಸ ಕೊಡಬಾರದು ಅಂತ. ನಿರ್ದೇಶಕರೂ ಅವರೇ! ಸಭೆಯಲ್ಲಿ ಎಲ್ಲರೂ ನಕ್ಕರು. ಭಾವನೂ ನಕ್ಕರಂತೆ, ಆದರೆ ಒಪ್ಪಲಿಲ್ಲ. "ಅಲ್ಲಿನೋರಿಗೆ ಸ್ಟೇಜಲ್ಲಿ ಮಾತಾಡೋಕೆ ಬರುತ್ತೆ, ನಮ್ಮೋರು ನಾಚ್ಕೋತಾರೆ" ಅಂದರು. ಸ್ಟೇಜಿಗೇ ಕರೆಯದಿದ್ದರೆ ನಾಚಿಕೆ ಬಿಡುವುದು ಹೇಗೆ ಅಂತ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಚಾನೆಲ್‌ನವರಿಗೆ ಟಿವಿಯಲ್ಲಿ ಜಾಗ ಇಲ್ಲದಿದ್ದರೆ ಬೇಡ. ಅವರ ಯೂಟ್ಯೂಬ್ ಪುಟ ಇದೆಯಲ್ಲ, ಅಲ್ಲಿ ಹಾಕಲಿ. ಶೂಟ್ ಆಗಿರುವ ಫೂಟೇಜ್ ಹೇಗೂ ಹಾರ್ಡ್ ಡಿಸ್ಕ್‌ನಲ್ಲಿ ಬಿದ್ದಿರುತ್ತೆ. ಪ್ರತಿಯೊಬ್ಬರದೂ ಒಂದೊಂದು ನಿಮಿಷ, ಕತ್ತರಿಸದೆ. ಮುಂದಿನ ವಾರ ಎರಡನೇ ಭಾಗ ಬರುತ್ತೆ ಅಂತ ಪ್ರೋಮೊ ಹಾಕಿದ್ದಾರೆ. ನಾನು ಅದರ ಕೆಳಗೆ ಈ ಮಾತನ್ನು ಬರೆದಿದ್ದೇನೆ. ನೀವೂ ಒಂದು ಸಾಲು ಬರೆಯಿರಿ. ನಿಮ್ಮ ಬಾಸ್‌ಗೆ ಅವಾರ್ಡ್ ಯಾಕೆ ಬರಲಿಲ್ಲ ಅಂತ ಬೈದು ಮುಗಿಸಿದ ಮೇಲೆ ಬರೆದರೂ ನಡೆಯುತ್ತೆ.