ಅರವತ್ತೆರಡು ಕವಳದ ದಾರಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದೆ ಹಾರಿದರೆ ಹತ್ತಿರ ಹತ್ತಿರ 17 ಗಂಟೆ. ಬೆಂಗಳೂರಿನಿಂದ ತೀರ್ಥಹಳ್ಳಿ ಬಳಿಯ ನಮ್ಮ ಮನೆಗೆ ಸುಮಾರು 360 ಕಿಲೋಮೀಟರ್. ನಿನ್ನೆ ನನ್ನ ಮಗಳಿಗೆ ಅಷ್ಟಕ್ಕೇ ಹದಿನಾರೂವರೆ ಗಂಟೆ ಹಿಡಿಯಿತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ಮಂಜಿನ ಮೇಲಾ? ಸದ್ಯಕ್ಕೆ ಕೈಗೆ ಸಿಗುವುದು ಭಾವ ಒಬ್ಬರೇ.

ಪಕ್ಕದ ಮನೆಯ ಭಾವ ದೂರ ಅಳೆಯುವುದು ಕವಳದಲ್ಲಿ, ಅಂದರೆ ಜಗಿಯುವ ಎಲೆಅಡಿಕೆಯಲ್ಲಿ. ಹೊಳೆಗೆ ಒಂದು ಕವಳ, ಪೇಟೆಗೆ ಎರಡು. ಮಗಳ ವಿಮಾನ ಹೊರಟಾಗಿನಿಂದ ಅಡಿಕೆ ಸುಲಿಯುವುದನ್ನೂ ಬಿಟ್ಟು ಗಂಟೆಗೊಮ್ಮೆ ನಮ್ಮ ಜಗಲಿಗೆ ಹಾಜರ್. "ಎಲ್ಲಿಗೆ ಬಂತು ಭಾವ?" ಥೇಟ್ ಲಾಸ್ಟ್ ಬಸ್ಸಿನ ವಿಚಾರ ಕೇಳಿದ ಹಾಗೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಂಗಳದಾಚೆ ಹಲಸಿನ ಮರದ ಬುಡದಲ್ಲಿ ಮಾತ್ರ. ಅವರು ಕೇಳಿದಾಗಲೆಲ್ಲ ನಾನು ಅಲ್ಲಿಗೆ ಓಡಬೇಕು.

ಮೂರನೇ ಸಲ ಅವರೂ ಬಂದು ಮೊಬೈಲಿಗೆ ಇಣುಕಿದರು. ವಿಮಾನ ಉತ್ತರ ಧ್ರುವದ ಕಡೆ ಹೊರಟಿತ್ತು. "ಡ್ರೈವರ್‌ಗೆ ದಾರಿ ತಪ್ಪಿದೆ!" ಎಂದರು. ನಾನು ಸುಮ್ನಿರಬೇಕಿತ್ತು. ಹಿತ್ತಲಿನಿಂದ ಒಂದು ಚಕ್ಕೋತ ಕಿತ್ತು ತಂದೆ. ಪೆನ್ನಲ್ಲಿ ಈ ಕಡೆ ಬೆಂಗಳೂರು, ಆ ಕಡೆ ಅಮೆರಿಕ ಗುರುತು ಹಾಕಿ ದಾರ ಬಿಗಿದೆ. ದಾರ ತಾನಾಗಿ ತೊಟ್ಟಿನ ಪಕ್ಕದಲ್ಲೇ ಹಾಯಿತು. "ನೋಡಿ, ಭೂಮಿ ಉರುಟು ಅಲ್ವಾ? ಇದೇ ಹತ್ತಿರದ ದಾರಿ." ಭಾವ ಬಹಳ ಹೊತ್ತು ತದೇಕಚಿತ್ತದಿಂದ ನೋಡಿದರು. ಆಮೇಲೆ ಸೊಂಟದಿಂದ ಚಾಕು ತೆಗೆದು ಭೂಮಿಯನ್ನು ಸುಲಿದು, ಉಪ್ಪು ಖಾರ ತರಿಸಿಕೊಂಡು ತಿಂದರು. "ಉತ್ತರ ಧ್ರುವ ಸ್ವಲ್ಪ ಹುಳಿ."

ಗಂಟೆಗೆ 900 ಕಿಲೋಮೀಟರ್ ವೇಗ, ಒಂದು ಕವಳಕ್ಕೆ ಕಾಲು ಗಂಟೆ. ಲೆಕ್ಕ ಹಾಕಿ ಹೇಳಿದೆ, ಒಟ್ಟು ಅರವತ್ತೆರಡು ಕವಳ. "ಅಷ್ಟು ಸುಣ್ಣ ತಿಂದ್ರೆ ನಾಲಿಗೆ ಉಳೀತದಾ?" ಎಂದು ಎದ್ದು ಹೋದರು. ಗಂಟೆ ಬಿಟ್ಟು ಮತ್ತೆ ಬಂದರು.

ಮಗಳು ಬೆಂಗಳೂರಿನಲ್ಲಿ ಇಳಿದದ್ದು ಬೆಳಗಿನ ಜಾವ ನಾಲ್ಕೂವರೆಗೆ. ಅಲ್ಲಿಂದ ಶಿವಮೊಗ್ಗಕ್ಕೆ 2023ರಿಂದ ವಿಮಾನ ಇದೆ, ಒಂದು ಗಂಟೆ ಚಿಲ್ಲರೆ. ನಾನೂ ಭಾವನೂ ಜೀಪು ತಗೊಂಡು ಸೋಗಾನೆಯ ವಿಮಾನ ನಿಲ್ದಾಣದಲ್ಲಿ ನಿಂತೆವು. ಡಿಸೆಂಬರ್ ಮಂಜು. ನೆತ್ತಿಯ ಮೇಲೆ ವಿಮಾನದ ಸದ್ದು ಕೇಳಿತು, ವಿಮಾನ ಕಾಣಲಿಲ್ಲ. ಭಾವ ಮಂಜಿಗೇ ಕೈ ಬೀಸಿದರು. ಸದ್ದು ಎರಡು ಸುತ್ತು ಹಾಕಿ ಬೆಂಗಳೂರಿಗೆ ವಾಪಸ್ ಹೋಯಿತು, ಮಗಳ ಸಮೇತ.

ಅವಳು ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬರುವಾಗ ಕತ್ತಲಾಗಿತ್ತು. ಉಳಿದದ್ದು 60 ಕಿಲೋಮೀಟರ್. ಅದರಲ್ಲೂ ಮಂಡಗದ್ದೆಯಲ್ಲಿ ಜೀಪು ನಿಲ್ಲಿಸಬೇಕಾಯಿತು. ಕವಳ!

ನಾನು ಶಿವಮೊಗ್ಗದಲ್ಲಿ ಓದುವಾಗ ಇದೇ 60 ಕಿಲೋಮೀಟರ್ ಎಷ್ಟು ದೂರ ಅನಿಸುತ್ತಿತ್ತು. ಶನಿವಾರ ರಾತ್ರಿ ಲಾಸ್ಟ್ ಬಸ್ಸು ಏರಿನಲ್ಲಿ ಗೇರ್ ಬದಲಿಸಿದ ಸದ್ದು ಕೇಳಿದರೆ ಸಾಕು, ಅಮ್ಮ ಬಚ್ಚಲೊಲೆಗೆ ಇನ್ನೊಂದು ಕುಂಟೆ ತುರುಕುತ್ತಿದ್ದಳಂತೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಜೀಪು ಅದೇ ಏರು ಹತ್ತುವಾಗ ಬಚ್ಚಲ ಹೊಗೆ ಕಂಡಿತು. ನಾನು ಮಾತಾಡಲಿಲ್ಲ.

ಈಗ ರಾತ್ರಿ ಎರಡೂವರೆ. ಅವಳ ಹೊಟ್ಟೆಗೆ ಇನ್ನೂ ಅಲ್ಲಿನ ಮಧ್ಯಾಹ್ನ ಒಂದು ಗಂಟೆ. ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬಿಯ ಸದ್ದು. ಪಕ್ಕದ ಮನೆಯಲ್ಲಿ ದೀಪ ಹೊತ್ತಿತು. ಭಾವ ಕೆಮ್ಮಿದರು.