ಡಯಾಲಿಸಿಸ್ ವಾರ್ಡಿನಲ್ಲಿ ಮನೋಬಲದ ಪಾಠ: ಬೇಕೇ, ಬೇಡವೇ?

ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಎರಡೂ ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡಲು ಸಾಮಾನ್ಯವಾಗಿ ಇಷ್ಟು ಹೊತ್ತು ಬೇಕು. ಕಿಡ್ನಿ ಕಸಿ ಆಗದಿದ್ದರೆ ಇದು ಬದುಕಿರುವವರೆಗೂ ತಪ್ಪಿದ್ದಲ್ಲ. ಖರ್ಚಿಗೆ ಹೆದರಿ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರು ನಮ್ಮಲ್ಲಿ ತುಂಬಾ ಜನ. ಇಂಥ ಕಾಯಿಲೆಯ ಜೊತೆ ಬದುಕಲು ಬೇಕಾದ ಮನೋಬಲವನ್ನೂ ಆಸ್ಪತ್ರೆಯೇ ಕಲಿಸಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಕಲಿಸಬೇಕು

ಧೈರ್ಯ ಹೇಳುವವರಿಗೆ ಯಾವ ಕೊರತೆಯೂ ಇಲ್ಲ. ನೋಡಲು ಬಂದವರೆಲ್ಲ ಎರಡು ಸೇಬು ಕೊಟ್ಟು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಹೇಳಿಯೇ ಹೋಗುತ್ತಾರೆ. ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಕಲಿಸಬೇಕಾದದ್ದು ಅದನ್ನು.

ನೀರಿನ ವಿಷಯವನ್ನೇ ತಗೊಳ್ಳಿ. ಮೂತ್ರ ನಿಂತವರಿಗೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಕಾಲು ಊದುತ್ತದೆ. ಜಾಸ್ತಿಯಾದರೆ ಶ್ವಾಸಕೋಶಕ್ಕೆ ನುಗ್ಗಿ ಉಸಿರು ಕಟ್ಟುತ್ತದೆ. "ನೀರು ಕಡಿಮೆ ಕುಡೀರಿ" ಅಂತ ಹೇಳಲು ಒಂದು ನಿಮಿಷ ಸಾಕು. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲಿದ್ದುಕೊಂಡು ಅದನ್ನು ಪಾಲಿಸಿ ನೋಡಿ! ಬರೀ ಹಟದಿಂದ ಆಗುವ ಕೆಲಸ ಅಲ್ಲ ಅದು. ಉಪ್ಪಿನಕಾಯಿ, ಹಪ್ಪಳ ಬಿಟ್ಟು ಉಪ್ಪು ಇಳಿಸಿದರೆ ಬಾಯಾರಿಕೆಯೇ ಇಳಿಯುತ್ತದೆ. ಇಡೀ ದಿನದ ನೀರನ್ನು ಬೆಳಿಗ್ಗೆಯೇ ಬಾಟಲಿಗೆ ಅಳೆದಿಟ್ಟುಕೊಂಡು, ಮಾತ್ರೆ ನುಂಗಲೂ ಅದನ್ನೇ ಬಳಸಿದರೆ ಲೆಕ್ಕ ತಪ್ಪುವುದಿಲ್ಲ. ತಡೆಯಲಾಗದಾಗ ಒಂದು ಐಸ್ ತುಂಡು ಚೀಪಬಹುದು, ಬಾಯಿ ಮುಕ್ಕಳಿಸಿ ಉಗುಳಬಹುದು. ಇವೆಲ್ಲ ಗೊತ್ತಿರುವವರು ಅದೇ ವಾರ್ಡಿನ ಹಳೆಯ ರೋಗಿಗಳು. ಹೊಸಬರಿಗೆ ದಾಟಿಸುವ ಏರ್ಪಾಡು ಇಲ್ಲ, ಅಷ್ಟೇ.

ಇನ್ನು ಮದುವೆ ಮನೆ. "ಎಳನೀರು ತಂಪು ಕಣಣ್ಣ, ಕುಡಿ, ಇದರಲ್ಲೇನಿದೆ?" ಅದರಲ್ಲಿ ಪೊಟ್ಯಾಸಿಯಂ ಇದೆ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಮುನಿಸು ತೋರಿಸದೆ, ಕಾಯಿಲೆಯ ಪುರಾಣ ಬಿಚ್ಚದೆ, ಬೇಡ ಅನ್ನಲು ಬರಬೇಕು. ಹೇಳಿ ಹೇಳಿ ಸಾಕಾಗಿ ನೆಂಟರ ಮನೆಗೆ ಹೋಗುವುದನ್ನೇ ಬಿಡುವವರಿದ್ದಾರೆ. ಮನಸ್ಸು ಕುಗ್ಗುವುದು ಫಿಸ್ಟುಲಾಕ್ಕೆ (ಡಯಾಲಿಸಿಸ್‌ಗೆಂದೇ ಕೈಯಲ್ಲಿ ಎರಡು ರಕ್ತನಾಳ ಜೋಡಿಸಿ ಮಾಡಿದ ಜಾಗ) ಚುಚ್ಚುವ ಸೂಜಿಗಿಂತ ಇಂಥ ಕಡೆಯೇ ಜಾಸ್ತಿ.

ಇಂಥದ್ದನ್ನು ಕಲಿಸಬಹುದು ಅನ್ನುವುದಕ್ಕೆ ಆಧಾರವೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೇಟ್ ಲೋರಿಗ್ ಎಂಬವರು ಸಂಧಿವಾತ ಇರುವವರಿಗಾಗಿ ಒಂದು ತರಗತಿ ಕಟ್ಟಿದರು. ಅದನ್ನು ನಡೆಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ, ಅವರಲ್ಲಿ ಹಲವರಿಗೆ ಅದೇ ಕಾಯಿಲೆ. 1993ರಲ್ಲಿ ಬಂದ ವರದಿಯ ಪ್ರಕಾರ, ನಾಲ್ಕು ವರ್ಷದ ಮೇಲೂ ತರಗತಿಗೆ ಬಂದವರ ನೋವು ಸರಾಸರಿ ಶೇ. 20ರಷ್ಟು ಇಳಿದಿತ್ತು, ಡಾಕ್ಟರ ಬಳಿ ಹೋಗುವುದು ಶೇ. 40ರಷ್ಟು ಕಡಿಮೆಯಾಗಿತ್ತು. ಕೀಲುಗಳು ಸರಿಹೋಗಿರಲಿಲ್ಲ. "ಇದನ್ನು ನಾನು ನಿಭಾಯಿಸಬಲ್ಲೆ" ಅನ್ನುವ ನಂಬಿಕೆ ಬೆಳೆದಿತ್ತು. ಸಂಧಿವಾತವೇ ಬೇರೆ, ಡಯಾಲಿಸಿಸ್ಸೇ ಬೇರೆ, ಒಪ್ಪುತ್ತೇನೆ. ಆದರೆ ನಮ್ಮ ವಾರ್ಡಿನಲ್ಲಿ ಜನ ಹೇಗೂ ನಾಲ್ಕು ಗಂಟೆ ಅಕ್ಕಪಕ್ಕ ಮಲಗಿರುತ್ತಾರೆ. ಬೇರೆ ಕಟ್ಟಡವೂ ಬೇಡ, ಬೇರೆ ದಿನವೂ ಬೇಡ.

ವಿರೋಧ: ಬೇಡ, ಈಗಂತೂ ಬೇಡ

ನನ್ನ ಒಲವು ಈ ಕಡೆಗೇ ಅಂತ ಮೊದಲೇ ಹೇಳಿಬಿಡುತ್ತೇನೆ.

ಬಾಟಲಿಯಲ್ಲಿ ನೀರು ಅಳೆಯುವುದನ್ನು ಧಾರಾಳವಾಗಿ ಕಲಿಸಲಿ. ಅದಕ್ಕೆ ಮನೋಬಲ ಅಂತ ಹೆಸರಿಟ್ಟ ಕೂಡಲೇ ತಕರಾರು ಶುರು. ಹೆಸರು ಬಂದರೆ ಅಳತೆ ಬರುತ್ತದೆ. ಅಳತೆಗೋಲು ಆಗಲೇ ತಯಾರಿದೆ: 2003ರಲ್ಲಿ ಪ್ರಕಟವಾದ ಕಾನರ್-ಡೇವಿಡ್ಸನ್ ಮಾಪಕ. ಅದರಲ್ಲಿ 25 ಹೇಳಿಕೆಗಳಿವೆ. ಒಂದೊಂದಕ್ಕೂ 0ಯಿಂದ 4 ಅಂಕ, ಒಟ್ಟು 100. ಕಾಯಿಲೆ, ಕಷ್ಟ ಬಂದುಹೋದ ಮೇಲೆ ಮತ್ತೆ ಚೇತರಿಸಿಕೊಳ್ಳುತ್ತೀರಾ ಎಂಬ ಅರ್ಥದ ಹೇಳಿಕೆಯೂ ಅದರಲ್ಲಿದೆ. ಸೋಮವಾರ ಯಂತ್ರದಿಂದ ಬಿಡಿಸಿಕೊಂಡು ಬುಧವಾರ ಮತ್ತೆ ಬರಬೇಕಾದವರು ಅಲ್ಲಿ ಎಷ್ಟು ಅಂಕ ಹಾಕಿಕೊಳ್ಳಬೇಕು? ಅವರ ಕಾಯಿಲೆ ಬಂದಿದೆ, ಹೋಗಿಲ್ಲ.

ಅಂಕ ಕಡಿಮೆ ಬಂದರೆ ತಪ್ಪು ಯಾರದ್ದಾಗುತ್ತದೆ? "ತೂಕ ಇಷ್ಟೊಂದು ಬಂದಿದೆಯಲ್ಲ, ಎಷ್ಟು ನೀರು ಕುಡಿದ್ರಿ?" ಅಂತ ಈಗಲೇ ಬೈಸಿಕೊಳ್ಳುವವರು ಇನ್ನು ಮೇಲೆ ಮನಸ್ಸಿಗೂ ಲೆಕ್ಕ ಒಪ್ಪಿಸಬೇಕು. ಅಳು ಬಂದರೂ ಅದೊಂದು ಕೊರತೆ ಅನ್ನಿಸಿಕೊಳ್ಳುತ್ತದೆ. ಖಿನ್ನತೆಯೇ ಬಂದಿದ್ದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆ ಕೊಡಿ. ಆದರೆ ಸುಸ್ತು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಖಿನ್ನತೆಯಲ್ಲೂ ಇರುತ್ತವೆ, ಕಿಡ್ನಿ ವೈಫಲ್ಯದಲ್ಲೂ ಇರುತ್ತವೆ. ಯಾವುದು ಯಾವುದರಿಂದ ಅಂತ ಬಿಡಿಸಿ ಹೇಳಬೇಕಾದವರು ಡಾಕ್ಟರು. ಎರಡು ದಿನದ ತರಬೇತಿ ಪಡೆದು ಬಂದವರ ಕೈಗೆ ಕೊಡುವ ಕೆಲಸ ಅಲ್ಲ ಅದು.

ಗಟ್ಟಿ ಮನಸ್ಸಿನವರು ಜಾಸ್ತಿ ದಿನ ಬದುಕುತ್ತಾರೆ ಅನ್ನುವ ನಂಬಿಕೆ ಬೇರೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2007ರಲ್ಲಿ ಬಂತು. ಅವರ ಭಾವನೆಯ ಸ್ಥಿತಿಗೂ ಎಷ್ಟು ದಿನ ಬದುಕಿದರು ಅನ್ನುವುದಕ್ಕೂ ನಂಟೇ ಕಾಣಲಿಲ್ಲ. ಒಂದು ಕಾಯಿಲೆಯ ಮಾತನ್ನು ಇನ್ನೊಂದಕ್ಕೆ ಅಂಟಿಸಬಾರದು ನಿಜ. ಹಾಗಾದರೆ ಸಂಧಿವಾತದ ಲೆಕ್ಕವನ್ನೂ ಇಲ್ಲಿಗೆ ತರುವಂತಿಲ್ಲ, ಅಲ್ವಾ?

ನನಗೆ ಮುಖ್ಯ ಅನ್ನಿಸುವುದು ಬೇರೆಯೇ. ಬಡತನದ ರೇಖೆಗಿಂತ ಕೆಳಗಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಬಂತು. ದೊಡ್ಡ ಕೆಲಸವೇ. ಆದರೆ ಯಂತ್ರ ಉಚಿತವಾದರೂ ಅಲ್ಲಿಗೆ ಹೋಗಿಬರುವ ದಿನ ಉಚಿತವಲ್ಲ. ರೋಗಿಯ ಕೂಲಿ ಹೋಯಿತು, ಜೊತೆಗೆ ಬಂದ ಹೆಂಡತಿಯ ಕೂಲಿಯೂ ಹೋಯಿತು. ವಾರಕ್ಕೆ ಮೂರು ಹಗಲು ರಜೆ ಕೊಡುವ ಮಾಲೀಕರು ಎಲ್ಲಿ ಸಿಗುತ್ತಾರೆ? ಅದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗಳಿವೆ. ಕಿಡ್ನಿ ವೈಫಲ್ಯ ಇಲ್ಲ. ಹಾಗಾಗಿ ಆ ಕಾಯ್ದೆ ತೋರಿಸಿ, ಇರುವ ಕೆಲಸ ಉಳಿಸಿಕೊಡಿ ಅಂತ ಕೇಳುವುದೂ ಕಷ್ಟ.

ಇಂಥ ಮನುಷ್ಯ ಮಂಕಾಗಿ ಕೂತಿದ್ದರೆ ಅವನ ಮನಸ್ಸಿನಲ್ಲಿ ದೋಷ ಹುಡುಕುವುದು ನನಗೆ ಅಸಭ್ಯ ಅನ್ನಿಸುತ್ತದೆ. ಹಗಲು ದುಡಿಯುವವರಿಗಾಗಿ ಸಂಜೆ ಪಾಳಿ ತೆರೆಯಿರಿ. ತಾಲ್ಲೂಕಿನ ಯಂತ್ರ ಕೆಟ್ಟ ದಿನವೇ ರಿಪೇರಿ ಆಗಲಿ. ಜೊತೆಗೆ ಬರುವವರಿಗೂ ಬಸ್ ಪಾಸ್ ಕೊಡಿ. ಕೆಲಸ, ಕೂಲಿ ಉಳಿದವರಿಗೆ ಮನೋಬಲದ ಪಾಠ ಎಷ್ಟು ಬೇಕಾಗುತ್ತದೆ ಅಂತ ಆಮೇಲೆ ನೋಡೋಣ.